ಕೆಂಪು ಔಷಧ ಮತ್ತು ಐದು ನ್ಯಾನೊಮೀಟರಿನ ಪೊರೆ

ಡಾಕ್ಸೊರುಬಿಸಿನ್ ಎಂಬ ಕೀಮೋ ಔಷಧಕ್ಕೆ ನಮ್ಮ ಮಲೆನಾಡಿನ ಮುರುಗಲ ಹಣ್ಣಿನ ಪಾನಕದ ಬಣ್ಣವಿದೆ. ಮೂರು ವರ್ಷಗಳ ಹಿಂದೆ ನಮ್ಮ ದೊಡ್ಡಮ್ಮನಿಗೆ ಸ್ತನ ಕ್ಯಾನ್ಸರಿನ ಚಿಕಿತ್ಸೆ ನಡೆಯುತ್ತಿದ್ದಾಗ, ನರ್ಸ್ ಆ ಕೆಂಪು ದ್ರವವನ್ನು ದಪ್ಪ ಸಿರಿಂಜಿನಲ್ಲಿ ತುಂಬಿಕೊಂಡು ಡ್ರಿಪ್ಪಿನ ನಳಿಗೆಯ ಮೂಲಕ ನಿಧಾನವಾಗಿ ರಕ್ತನಾಳಕ್ಕೆ ಬಿಡುತ್ತಿದ್ದುದನ್ನು ಪಕ್ಕದ ಕುರ್ಚಿಯಲ್ಲಿ ಕುಳಿತು ನೋಡಿದ್ದೇನೆ. ಮರುದಿನ ಮೂತ್ರ ಕೆಂಪಾದದ್ದನ್ನು ಕಂಡು ಅವರು ಗಾಬರಿಯಾದಾಗ, ಅದು ರಕ್ತವಲ್ಲ, ಔಷಧದ ಬಣ್ಣವೇ ಹೊರಗೆ ಹೋಗುತ್ತಿದೆ ಎಂದು ಸಮಾಧಾನ ಹೇಳಿದ್ದೂ ನಾನೇ. "ಅದು ಒಳಗೆ ಹೋಗಿ ಏನು ಮಾಡ್ತದೆ ಮಗಾ?" ಎಂದು ಕೇಳಿದರು. ಗಡ್ಡೆಯ ಕೋಶಗಳು ಒಂದಕ್ಕೆರಡಾಗುವುದನ್ನು ತಡೆಯುತ್ತದೆ ದೊಡ್ಡಮ್ಮ ಎಂದೆ. ಆ ಉತ್ತರ ತಪ್ಪಲ್ಲ. ಈ ಔಷಧವು ಕೋಶಕೇಂದ್ರವನ್ನು ಸೇರಿ, ಡಿಎನ್‌ಎ ಏಣಿಯ ಮೆಟ್ಟಿಲುಗಳ ನಡುವೆ ನುಸುಳಿ, ಟೋಪೊಐಸೋಮರೇಸ್ 2 ಎಂಬ ಕಿಣ್ವವನ್ನು ಕೆಲಸದ ಮಧ್ಯೆಯೇ ಸಿಕ್ಕಿಹಾಕಿಸುತ್ತದೆ. ಆ ಕಿಣ್ವ ಕತ್ತರಿಸಿದ ಎಳೆ ಮತ್ತೆ ಕೂಡಿಕೊಳ್ಳದೆ ಉಳಿಯುತ್ತದೆ. ಪಠ್ಯಪುಸ್ತಕಗಳು ಹೇಳುವುದು ಇಷ್ಟನ್ನೇ. ಆದರೆ ನಾನು ದಿನವೂ ಸೂಕ್ಷ್ಮದರ್ಶಕದಡಿ ನೋಡುವುದು ಕೋಶಕೇಂದ್ರವನ್ನಲ್ಲ. ಔಷಧ ಒಳಗೆ ಹೋಗಬೇಕಾದರೆ ಮೊದಲು ದಾಟಬೇಕಾದ ಮತ್ತು ಕೋಶ ಸಾಯತೊಡಗಿದಾಗ ಆ ಸಂಗತಿ ಹೊರಗಿನವರಿಗೆ ಮೊದಲು ತಿಳಿಯುವ ಜಾಗವಾದ ಕೋಶಪೊರೆಯನ್ನು. ಅಂದು ಹೇಳದೆ ಬಿಟ್ಟ ಆ ಭಾಗವನ್ನು ಇಲ್ಲಿ ಬರೆಯುತ್ತಿದ್ದೇನೆ.

ಪೊರೆ ಎಂಬ ಮಾತು ನನಗೆ ಬಹಳ ಇಷ್ಟ. ಹಾವು ಬಿಡುವುದೂ ಪೊರೆ, ವಯಸ್ಸಾದವರ ಕಣ್ಣಿಗೆ ಬರುವುದೂ ಪೊರೆ, ಕಾಪಾಡು ಎಂಬ ಅರ್ಥದ ಕ್ರಿಯಾಪದವೂ ಅದೇ. ಪ್ರೌಢಶಾಲೆಯಲ್ಲಿ ಈರುಳ್ಳಿಯ ಸಿಪ್ಪೆಯನ್ನು ಗಾಜಿನ ಪಟ್ಟಿಯ ಮೇಲಿಟ್ಟು ನೋಡಿದ ನಾವೆಲ್ಲರೂ ಕೋಶಪೊರೆಯನ್ನು ಕಂಡೆವೆಂದೇ ತಿಳಿದಿದ್ದೆವು. ಕಂಡದ್ದು ಸಸ್ಯಕೋಶದ ಗೋಡೆ. ನಿಜವಾದ ಪೊರೆಯ ಕೊಬ್ಬಿನ ಪದರದ ದಪ್ಪ ಸುಮಾರು 5 ನ್ಯಾನೊಮೀಟರ್. ಜರ್ಮನಿಯ ಅರ್ನ್‌ಸ್ಟ್ ಅಬೆ 1873ರಲ್ಲಿ ತೋರಿಸಿಕೊಟ್ಟ ಮಿತಿಯ ಪ್ರಕಾರ, ಸಾಮಾನ್ಯ ಬೆಳಕಿನ ಸೂಕ್ಷ್ಮದರ್ಶಕ ಎಷ್ಟೇ ಒಳ್ಳೆಯದಾಗಿದ್ದರೂ ಸುಮಾರು 200 ನ್ಯಾನೊಮೀಟರಿಗಿಂತ ಹತ್ತಿರದಲ್ಲಿರುವ ಎರಡು ಬಿಂದುಗಳನ್ನು ಬೇರೆಬೇರೆಯಾಗಿ ತೋರಿಸಲಾರದು. ಎಂದರೆ ನಾವು ನೋಡಲು ಹೊರಟ ವಸ್ತು, ನೋಡುವ ಸಾಧನದ ಮಿತಿಗಿಂತ ನಲವತ್ತು ಪಟ್ಟು ತೆಳ್ಳಗಿದೆ. ಪರದೆಯ ಮೇಲೆ ಕೋಶದ ಸುತ್ತ ಕಾಣುವ ಹೊಳೆಯುವ ಗೆರೆ ಪೊರೆಯಲ್ಲ. ಪೊರೆಗೆ ಅಂಟಿಸಿದ ಬಣ್ಣದಿಂದ ಬಂದ ಬೆಳಕು ಮಸೂರಗಳಲ್ಲಿ ಹರಡಿಕೊಂಡು ಮೂಡಿದ ಗುರುತು. ಆ ಬೆಳಕಿನ ಬಣ್ಣ, ತೀವ್ರತೆ ಮತ್ತು ಚಲನೆಯಿಂದ ಪೊರೆಯ ಸ್ಥಿತಿಯನ್ನು ಊಹಿಸಬೇಕು. ಈ ಕೆಲಸದಲ್ಲಿ ಎಚ್ಚರ ತಪ್ಪಲು ಎಷ್ಟೊಂದು ಅವಕಾಶಗಳಿವೆ ಎಂಬುದನ್ನು ನಾನು ಕಲಿತ ಬಗೆಯನ್ನು ಮುಂದೆ ಹೇಳುತ್ತೇನೆ.

ಮೊದಲು ಪೊರೆಯ ರಚನೆ. ಮದುವೆಮನೆಯ ಊಟದ ಪಂಕ್ತಿಯಲ್ಲಿ ಎರಡು ಸಾಲಿನವರು ಬೆನ್ನಿಗೆ ಬೆನ್ನು ಮಾಡಿ ಕುಳಿತಿದ್ದಾರೆಂದು ಭಾವಿಸಿಕೊಳ್ಳಿ. ಒಂದು ಸಾಲಿನವರ ಮುಖ ಹೊರಗಿನ ನೀರಿನ ಕಡೆಗೆ, ಇನ್ನೊಂದು ಸಾಲಿನವರ ಮುಖ ಕೋಶದೊಳಗಿನ ನೀರಿನ ಕಡೆಗೆ. ಬೆನ್ನುಗಳ ನಡುವಿನ ಜಾಗಕ್ಕೆ ನೀರು ಬರುವುದಿಲ್ಲ. ಲಿಪಿಡ್ ಎಂಬ ಕೊಬ್ಬಿನ ಅಣುಗಳು ಪೊರೆಯಲ್ಲಿ ಹೀಗೆ ಕುಳಿತಿವೆ. ತನ್ನದೇ ಸಾಲಿನಲ್ಲಿ ಪಕ್ಕದವರೊಡನೆ ಜಾಗ ಬದಲಾಯಿಸುವುದು ಅವಕ್ಕೆ ಅತಿ ಸುಲಭ, ಒಂದು ಸೆಕೆಂಡಿನಲ್ಲಿ ಲಕ್ಷಗಟ್ಟಲೆ ಸಲ ಬದಲಾಯಿಸುತ್ತವೆ. ಆದರೆ ಎದ್ದು ಹಿಂದಿನ ಸಾಲಿಗೆ ಹೋಗಿ ಕೂರುವುದು ಬಹಳ ಕಷ್ಟ. ಯಾರ ನೆರವೂ ಇಲ್ಲದಿದ್ದರೆ ಅದಕ್ಕೆ ಗಂಟೆಗಳು, ಕೆಲವೊಮ್ಮೆ ದಿನಗಳೇ ಹಿಡಿಯುತ್ತವೆ. ಸಾಲಿನೊಳಗಿನ ಈ ಓಡಾಟವನ್ನು ಮೊದಲು ಕಣ್ಣಿಗೆ ಕಾಣುವಂತೆ ತೋರಿಸಿದವರು ಫ್ರೈ ಮತ್ತು ಎಡಿಡಿನ್. 1970ರಲ್ಲಿ ಅವರು ಇಲಿಯ ಕೋಶವನ್ನೂ ಮನುಷ್ಯನ ಕೋಶವನ್ನೂ ಬೆಸೆದು, ಎರಡರ ಪೊರೆಯ ಪ್ರೊಟೀನುಗಳಿಗೆ ಬೇರೆಬೇರೆ ಬಣ್ಣ ಹಚ್ಚಿ ನೋಡಿದಾಗ, 37 ಡಿಗ್ರಿ ಶಾಖದಲ್ಲಿ ಸುಮಾರು 40 ನಿಮಿಷಗಳಲ್ಲಿ ಎರಡು ಬಣ್ಣಗಳೂ ಪೂರ್ತಿ ಬೆರೆತುಹೋಗಿದ್ದವು. ಎರಡು ವರ್ಷಗಳ ನಂತರ, 1972ರಲ್ಲಿ, ಸಿಂಗರ್ ಮತ್ತು ನಿಕಲ್ಸನ್ ಪೊರೆಯು ದ್ರವದಂತೆ ಹರಿಯುವ, ನಡುನಡುವೆ ಪ್ರೊಟೀನುಗಳು ತೇಲುವ ಚಿತ್ತಾರ ಎಂಬ ಮಾದರಿಯನ್ನು ಮುಂದಿಟ್ಟರು.

ಅದೇ 1972ರಲ್ಲಿ ಕೆರ್, ವೈಲಿ ಮತ್ತು ಕರ್ರೀ ಎಂಬ ಮೂವರು ರೋಗಶಾಸ್ತ್ರಜ್ಞರು ಕೋಶಗಳು ಒಂದು ಕ್ರಮಕ್ಕೆ ಒಳಪಟ್ಟು ಸಾಯುವ ಬಗೆಯನ್ನು ವಿವರಿಸಿ ಅದಕ್ಕೆ ಅಪೊಪ್ಟೋಸಿಸ್ ಎಂದು ಹೆಸರಿಟ್ಟರು. ಮರದಿಂದ ಎಲೆ ಉದುರುವುದಕ್ಕೆ ಗ್ರೀಕ್ ಭಾಷೆಯಲ್ಲಿರುವ ಮಾತು ಅದು. ಪೊರೆಯ ಮಾದರಿ ಮತ್ತು ಸಾವಿನ ಹೆಸರು ಒಂದೇ ವರ್ಷದಲ್ಲಿ ಬಂದರೂ, ಇವೆರಡೂ ಒಂದಕ್ಕೊಂದು ಎಷ್ಟು ಹತ್ತಿರದವು ಎಂಬುದು ತಿಳಿಯಲು ಇನ್ನೂ ಇಪ್ಪತ್ತು ವರ್ಷಗಳು ಬೇಕಾದವು. ಪಂಕ್ತಿಯ ಹೋಲಿಕೆಗೇ ಹಿಂದಿರುಗಿದರೆ, ಫಾಸ್ಫಟೈಡಿಲ್‌ಸೆರೀನ್ ಎಂಬ ಲಿಪಿಡ್ ಆರೋಗ್ಯವಂತ ಕೋಶದಲ್ಲಿ ಸದಾ ಒಳಗಿನ ಸಾಲಿನಲ್ಲೇ ಕೂರುತ್ತದೆ. ಅಪ್ಪಿತಪ್ಪಿ ಹೊರಗಿನ ಸಾಲಿಗೆ ಬಂದ ಅಣುವನ್ನು ಒಂದು ಕಿಣ್ವ ಶಕ್ತಿ ವ್ಯಯಿಸಿ ಕೂಡಲೇ ಒಳಗೆ ಕಳಿಸುತ್ತದೆ. ಕೋಶ ಸಾಯಲು ತೊಡಗಿದಾಗ ಈ ಕಾವಲು ನಿಲ್ಲುತ್ತದೆ, ಫಾಸ್ಫಟೈಡಿಲ್‌ಸೆರೀನ್ ಹೊರಮುಖಕ್ಕೆ ಬರುತ್ತದೆ. ಅಲ್ಲೇ ಸುಳಿದಾಡುವ ಭಕ್ಷಕಕೋಶಗಳಿಗೆ ಅದು ಬಂದು ನುಂಗಿರಿ ಎಂಬ ಸೂಚನೆ ಎಂಬುದನ್ನು 1992ರಲ್ಲಿ ವ್ಯಾಲರಿ ಫ್ಯಾಡಾಕ್ ಮತ್ತವರ ಸಂಗಡಿಗರು ತೋರಿಸಿದರು. ಕಾವಲು ನಿಲ್ಲುವುದು ಹೇಗೆಂಬುದನ್ನು ಬಿಡಿಸಿದ್ದು ಜಪಾನಿನ ಶಿಗೆಕಾಜು ನಗಾತಾ ಅವರ ತಂಡ. ಸಾವಿನ ಹೊತ್ತಿನಲ್ಲಿ ಎಚ್ಚೆತ್ತುಕೊಳ್ಳುವ ಕ್ಯಾಸ್ಪೇಸ್ ಎಂಬ ಕತ್ತರಿಯಂಥ ಕಿಣ್ವಗಳು, ಒಳಗೆ ಕಳಿಸುತ್ತಿದ್ದ ಪ್ರೊಟೀನನ್ನು ತುಂಡರಿಸಿ ಕೆಲಸ ನಿಲ್ಲಿಸುತ್ತವೆ. ಎರಡೂ ಸಾಲುಗಳನ್ನು ಕಲಸಿಹಾಕುವ ಇನ್ನೊಂದು ಪ್ರೊಟೀನನ್ನು ಅದೇ ಕತ್ತರಿಯಿಂದ ತುಂಡರಿಸಿ ಕೆಲಸಕ್ಕೆ ಹಚ್ಚುತ್ತವೆ. ಒಂದೇ ಕತ್ತರಿ ಒಂದನ್ನು ನಿಲ್ಲಿಸಿ ಇನ್ನೊಂದನ್ನು ಆರಂಭಿಸುವ ಈ ಅಚ್ಚುಕಟ್ಟುತನವನ್ನು ಮೊದಲ ಸಲ ಓದಿದಾಗ ನಾನು ಪುಸ್ತಕ ಮುಚ್ಚಿಟ್ಟು ಸ್ವಲ್ಪ ಹೊತ್ತು ಸುಮ್ಮನೆ ಕುಳಿತಿದ್ದೆ.

ನಮ್ಮ ಮುಖ್ಯ ಸಾಧನ ಇದೇ ತಿಳಿವಳಿಕೆಯ ಮೇಲೆ ನಿಂತಿದೆ. ಆನೆಕ್ಸಿನ್ ಫೈವ್ ಎಂಬ ಪ್ರೊಟೀನು, ಸುತ್ತ ಕ್ಯಾಲ್ಸಿಯಂ ಇದ್ದರೆ, ಫಾಸ್ಫಟೈಡಿಲ್‌ಸೆರೀನಿಗೆ ಗಟ್ಟಿಯಾಗಿ ಅಂಟುತ್ತದೆ. ಅದಕ್ಕೆ ಹೊಳೆಯುವ ಬಣ್ಣವೊಂದನ್ನು ಕಟ್ಟಿ, ಕೋಶಗಳನ್ನು ಬೆಳೆಸಿದ ಗಾಜಿನಂಥ ತಟ್ಟೆಗೆ ಹಾಕಿದರೆ, ಯಾವ ಕೋಶದ ಹೊರಸಾಲಿಗೆ ಆ ಲಿಪಿಡ್ ಬಂದಿದೆಯೋ ಅದರ ಸುತ್ತ ಮಾತ್ರ ಉಂಗುರ ಮೂಡುತ್ತದೆ. ಜೊತೆಗೆ ಪ್ರೊಪಿಡಿಯಂ ಅಯೊಡೈಡ್ ಎಂಬ ಎರಡನೆಯ ಬಣ್ಣವನ್ನೂ ಹಾಕುವುದು ವಾಡಿಕೆ. ಅದು ಗಟ್ಟಿಯಾಗಿರುವ ಪೊರೆಯನ್ನು ದಾಟಲಾರದು. ಪೊರೆ ಹರಿದ ಕೋಶದೊಳಗೆ ಮಾತ್ರ ನುಗ್ಗಿ, ಕೋಶಕೇಂದ್ರದ ಡಿಎನ್‌ಎಗೆ ಅಂಟಿ ಕೆಂಪಗೆ ಹೊಳೆಯುತ್ತದೆ. ಉಂಗುರ ಮಾತ್ರ ಇದ್ದರೆ ಕೋಶ ಸಾವಿನ ಹಾದಿಯಲ್ಲಿದೆ ಆದರೆ ಪೊರೆ ಇನ್ನೂ ಗಟ್ಟಿ, ಉಂಗುರವೂ ಕೆಂಪು ನಡುವೂ ಇದ್ದರೆ ಪೊರೆ ಹರಿದಿದೆ ಎಂದು ಓದಿಕೊಳ್ಳಬೇಕು.

ನಾನು ಸಂಶೋಧನೆಗೆ ಸೇರಿದ ಮೊದಲ ವರ್ಷ ಮಾಡಿದ ತಪ್ಪು ಇಲ್ಲಿಯದು. ಡಾಕ್ಸೊರುಬಿಸಿನ್ ಹಾಕಿದ ಕೋಶಗಳಿಗೆ ಈ ಎರಡು ಬಣ್ಣಗಳನ್ನೂ ಕೊಟ್ಟು ಕನ್‌ಫೋಕಲ್ ಸೂಕ್ಷ್ಮದರ್ಶಕದಡಿ ಇಟ್ಟೆ. ಆ ಕೋಣೆಯಲ್ಲಿ ದೀಪ ಆರಿಸಿರುತ್ತಾರೆ, ಎಸಿ ತಣ್ಣಗೆ ಬೀಸುತ್ತಿರುತ್ತದೆ, ಪರದೆಯೊಂದೇ ಬೆಳಗುತ್ತಿರುತ್ತದೆ. ಔಷಧ ಹಾಕಿ ಇನ್ನೂ ನಾಲ್ಕೇ ಗಂಟೆಯಾಗಿತ್ತು, ಆದರೆ ತಟ್ಟೆಯ ಬಹುತೇಕ ಎಲ್ಲ ಕೋಶಗಳ ನಡುವೆಯೂ ದುಂಡಗಿನ, ಅಂಚು ಸ್ಪಷ್ಟವಾಗಿರುವ ಕೆಂಪು ಕೋಶಕೇಂದ್ರ ಹೊಳೆಯುತ್ತಿತ್ತು. ಈ ಔಷಧ ಇಷ್ಟು ಬೇಗ ಪೊರೆಯನ್ನು ಹರಿಯುತ್ತದೆ ಎಂಬುದು ಹೊಸ ಸಂಗತಿ ಎಂದುಕೊಂಡು ನಾಲ್ಕು ವಾರ ಅದನ್ನೇ ಬೇರೆಬೇರೆ ಪ್ರಮಾಣಗಳಲ್ಲಿ ಮಾಡಿ, ಎಣಿಸಿ, ನಕ್ಷೆ ಬರೆದು ಮಾರ್ಗದರ್ಶಕರ ಮುಂದಿಟ್ಟೆ. ಅವರು ನಕ್ಷೆಯನ್ನು ನೋಡಲೇ ಇಲ್ಲ. "ಔಷಧ ಮಾತ್ರ ಹಾಕಿ, ಬಣ್ಣ ಹಾಕದ ತಟ್ಟೆ ಎಲ್ಲಿದೆ?" ಎಂದು ಕೇಳಿದರು. ಅಂಥ ತಟ್ಟೆಯನ್ನು ನಾನು ಇಟ್ಟಿರಲಿಲ್ಲ. ಮರುದಿನ ಇಟ್ಟು ನೋಡಿದಾಗ, ಪ್ರೊಪಿಡಿಯಂ ಅಯೊಡೈಡಿನ ಒಂದು ಹನಿಯೂ ಇಲ್ಲದ ಆ ತಟ್ಟೆಯಲ್ಲೂ ಅದೇ ಕೆಂಪು ಕೋಶಕೇಂದ್ರಗಳು ಅಷ್ಟೇ ಚೆನ್ನಾಗಿ ಹೊಳೆದವು. ಡಾಕ್ಸೊರುಬಿಸಿನ್ ತಾನೇ ಪ್ರತಿದೀಪ್ತಿಯುಳ್ಳ ವಸ್ತು. ಸುಮಾರು 480 ನ್ಯಾನೊಮೀಟರಿನ ನೀಲಿ ಬೆಳಕನ್ನು ಹೀರಿ 560ರಿಂದ 600ರ ಆಸುಪಾಸಿನ ಕಿತ್ತಳೆಗೆಂಪು ಬೆಳಕನ್ನು ಬಿಡುತ್ತದೆ, ಹೋಗಿ ಕೂರುವುದೂ ಕೋಶಕೇಂದ್ರದಲ್ಲೇ. ಹರಿದ ಪೊರೆಯ ಗುರುತೆಂದು ನಾನು ಎಣಿಸಿದ್ದೆಲ್ಲ, ಗಟ್ಟಿ ಪೊರೆಯನ್ನು ದಾಟಿ ತನ್ನ ಜಾಗಕ್ಕೆ ಹೋಗಿ ಕುಳಿತ ಔಷಧವೇ ಆಗಿತ್ತು. ದೊಡ್ಡಮ್ಮನ ಮೂತ್ರದ ಕೆಂಪನ್ನು ಔಷಧದ ಬಣ್ಣವೆಂದು ಗುರುತಿಸಿದ್ದ ನಾನು ಪರದೆಯ ಮೇಲಿನ ಕೆಂಪನ್ನು ಗುರುತಿಸದೆ ಹೋದೆ.

ಅಂದಿನಿಂದ ನಮ್ಮಲ್ಲಿ ಈ ಔಷಧದೊಡನೆ ಕೆಲಸ ಮಾಡುವಾಗ ಆನೆಕ್ಸಿನಿಗೆ ದೂರದ ಕೆಂಪಿನ ಬಣ್ಣವನ್ನೂ, ಹರಿದ ಪೊರೆಯ ಗುರುತಿಗೆ ನೀಲಿ ಬಣ್ಣವನ್ನೂ ಬಳಸುತ್ತೇವೆ. ನಡುವಿನ ಕಿತ್ತಳೆಯನ್ನು ಔಷಧಕ್ಕೇ ಬಿಟ್ಟುಕೊಡುತ್ತೇವೆ. ಆಗ ಔಷಧದ ಬಣ್ಣ ತೊಡಕಾಗುವುದರ ಬದಲು ನೆರವಿಗೆ ಬರುತ್ತದೆ, ಅದು ಪೊರೆಯ ಬಳಿ ಎಷ್ಟು ಹೊತ್ತು ನಿಂತಿತು, ಯಾವಾಗ ಒಳಗೆ ಹೋಯಿತು ಎಂಬುದನ್ನು ಯಾವ ಗುರುತೂ ಅಂಟಿಸದೆ ನೋಡಬಹುದು. ಇದರಲ್ಲೂ ಒಂದು ಸೂಕ್ಷ್ಮವಿದೆ. ಡಿಎನ್‌ಎಯ ಮೆಟ್ಟಿಲುಗಳ ನಡುವೆ ನುಸುಳಿದ ಡಾಕ್ಸೊರುಬಿಸಿನ್ನಿನ ಹೊಳಪು ಬಹಳ ಕುಗ್ಗುತ್ತದೆ. ಆದ್ದರಿಂದ ಕೋಶಕೇಂದ್ರ ಮಂಕಾಗಿ ಕಂಡಿತೆಂದು ಅಲ್ಲಿ ಔಷಧ ಕಡಿಮೆ ಇದೆಯೆಂದು ಬರೆಯುವಂತಿಲ್ಲ. ಇನ್ನೊಂದು ಎಚ್ಚರವೆಂದರೆ, ತಟ್ಟೆಗೆ ಅಂಟಿ ಬೆಳೆಯುವ ಕೋಶಗಳನ್ನು ಕೆರೆದು ಎಬ್ಬಿಸಿದರೆ ಆ ಕೆರೆತಕ್ಕೇ ಪೊರೆ ಹರಿದು, ಔಷಧ ಮಾಡದ ಗಾಯವನ್ನು ನಾವೇ ಮಾಡಿರುತ್ತೇವೆ. ಅದಕ್ಕೆಂದೇ ಎಬ್ಬಿಸದೆ, ಬೆಳೆದ ಜಾಗದಲ್ಲೇ, 37 ಡಿಗ್ರಿ ಶಾಖ ಮತ್ತು ಶೇ. 5ರಷ್ಟು ಇಂಗಾಲದ ಡೈಆಕ್ಸೈಡ್ ಇರುವ ಪುಟ್ಟ ಪೆಟ್ಟಿಗೆಯೊಳಗೆ ಇಟ್ಟು ನೋಡುವುದನ್ನೇ ನಾನು ಇಷ್ಟಪಡುತ್ತೇನೆ.

ಕೋಶಗಳ ಆಯ್ಕೆಯಲ್ಲೂ ಪಾಠ ಕಲಿತೆ. ದೊಡ್ಡಮ್ಮನದು ಸ್ತನ ಕ್ಯಾನ್ಸರ್ ಆದ್ದರಿಂದ ಅದೇ ಬಗೆಯ ಎಂಸಿಎಫ್-7 ಕೋಶಗಳಿಂದಲೇ ಆರಂಭಿಸಬೇಕೆಂದು ಹಟ ಹಿಡಿದಿದ್ದೆ. ಲೋಕದ ಎಷ್ಟೋ ಪ್ರಯೋಗಾಲಯಗಳಲ್ಲಿ ಬಳಸುವ ಆ ಕೋಶಗಳಲ್ಲಿ ಕ್ಯಾಸ್ಪೇಸ್-3 ಎಂಬ ಮುಖ್ಯ ಕತ್ತರಿಯೇ ಇಲ್ಲವೆಂಬುದು 1998ರಿಂದ ತಿಳಿದಿದೆ. ಪೊರೆಯ ಮೇಲಿನ ಬದಲಾವಣೆಗಳಲ್ಲಿ ಬಹುಪಾಲು ಆ ಕತ್ತರಿಯ ಕೆಲಸವಾದ್ದರಿಂದ ನನ್ನ ಪ್ರಶ್ನೆಗೆ ಅವು ಹೊಂದಲಿಲ್ಲ. ನಂತರ ಹೀಲಾ ಕೋಶಗಳಿಗೆ ಬದಲಾಯಿಸಿದೆವು. 1951ರಲ್ಲಿ ಅಮೆರಿಕದ ಬಾಲ್ಟಿಮೋರಿನಲ್ಲಿ ಹೆನ್ರಿಯೆಟ್ಟಾ ಲ್ಯಾಕ್ಸ್ ಎಂಬ ಕರಿಯ ಹೆಣ್ಣುಮಗಳ ಗರ್ಭಕಂಠದ ಗಡ್ಡೆಯಿಂದ, ಆಕೆಯ ಅನುಮತಿ ಕೇಳದೆ ತೆಗೆದ ಕೋಶಗಳ ಸಂತತಿ ಇದು. ಇನ್‌ಕ್ಯುಬೇಟರಿನಿಂದ ಆ ತಟ್ಟೆಯನ್ನು ತೆಗೆಯುವಾಗಲೆಲ್ಲ ನನಗೆ ಆ ಹೆಸರು ನೆನಪಾಗುತ್ತದೆ, ನೆನಪಾಗಬೇಕೆಂದೂ ನಂಬಿದ್ದೇನೆ.

ಕೀಮೋ ಔಷಧ ಹಾಕಿದ ಹೀಲಾ ಕೋಶವೊಂದನ್ನು ಎರಡು ನಿಮಿಷಕ್ಕೊಂದು ಚಿತ್ರದಂತೆ ರಾತ್ರಿಯಿಡೀ ತೆಗೆದು ಬೆಳಿಗ್ಗೆ ಒಟ್ಟಿಗೆ ಓಡಿಸಿದರೆ ಕಾಣುವುದು ಹೀಗೆ. ಬಹಳ ಹೊತ್ತು ಏನೂ ಆಗುವುದಿಲ್ಲ. ಕೋಶ ತಟ್ಟೆಯ ಮೇಲೆ ಚಪ್ಪಟೆಯಾಗಿ ಹರಡಿಕೊಂಡೇ ಇರುತ್ತದೆ. ಆಮೇಲೆ ಅಂಚುಗಳನ್ನು ಒಳಗೆ ಎಳೆದುಕೊಂಡು ದುಂಡಗಾಗುತ್ತದೆ. ದುಂಡಗಾದ ಮೇಲೆ, ಕುದಿಯುವ ಗಂಜಿಯ ಮೇಲೆ ಗುಳ್ಳೆಗಳು ಏಳುವ ಹಾಗೆ, ಪೊರೆಯ ಮೇಲೆ ಅಲ್ಲೊಂದು ಇಲ್ಲೊಂದು ಬುಗುಟು ಏಳುತ್ತದೆ, ಇಳಿಯುತ್ತದೆ, ಪಕ್ಕದಲ್ಲಿ ಇನ್ನೊಂದು ಏಳುತ್ತದೆ. ಪೊರೆಯ ಕೆಳಗಿರುವ ಆಕ್ಟಿನ್ ಎಳೆಗಳ ಬಲೆಯನ್ನು ಬಿಗಿಯುವ ಕಿಣ್ವವೊಂದನ್ನು ಕ್ಯಾಸ್ಪೇಸ್-3 ತುಂಡರಿಸಿ ಎಡೆಬಿಡದೆ ದುಡಿಯುವಂತೆ ಮಾಡುವುದರಿಂದ ಹೀಗಾಗುತ್ತದೆ. ಬಲೆ ಬಿಗಿದಾಗ ಒಳಗಿನ ದ್ರವದ ಒತ್ತಡ ಹೆಚ್ಚಿ, ಬಲೆಯಿಂದ ಬಿಡಿಸಿಕೊಂಡ ಕಡೆಯಲ್ಲಿ ಪೊರೆ ಉಬ್ಬುತ್ತದೆ. ಬುಗುಟುಗಳು ಏಳುವ ಹೊತ್ತಿಗೆ ಆನೆಕ್ಸಿನ್ನಿನ ಉಂಗುರವೂ ಬೆಳಗತೊಡಗುತ್ತದೆ. ಆ ಹೊತ್ತಿನಲ್ಲೂ ನೀಲಿ ಬಣ್ಣ ಒಳಗೆ ಬಂದಿರುವುದಿಲ್ಲ. ಅಷ್ಟು ಕುದಿಯುತ್ತಿರುವ ಪೊರೆ ಒಂದು ತೂತೂ ಬೀಳದೆ ಗಟ್ಟಿಯಾಗಿ ನಿಂತಿರುತ್ತದೆ ಎಂಬುದು ನನಗೆ ಇಂದಿಗೂ ಬೆರಗಿನ ಸಂಗತಿ.

ಇವೆಲ್ಲ ಕೋಶಕೇಂದ್ರದಲ್ಲಿ ಆದ ಪೆಟ್ಟಿನ ಪರಿಣಾಮಗಳು, ಪೊರೆ ಆ ಸುದ್ದಿಯನ್ನು ಹೊರಗೆ ತೋರಿಸುತ್ತದೆ ಅಷ್ಟೆ ಎಂದು ವಾದಿಸಬಹುದು. ಪೂರ್ತಿ ಹಾಗಲ್ಲ. 1982ರಲ್ಲಿ ಟ್ರಿಟನ್ ಮತ್ತು ಯೀ ಎಂಬ ಇಬ್ಬರು ಡಾಕ್ಸೊರುಬಿಸಿನ್ನನ್ನು ಕೋಶದೊಳಗೆ ಹೋಗಲಾಗದಷ್ಟು ದೊಡ್ಡದಾದ ಅಗರೋಸ್ ಮಣಿಗಳಿಗೆ ಕಟ್ಟಿಹಾಕಿ ಇಲಿಯ ರಕ್ತಕ್ಯಾನ್ಸರಿನ ಕೋಶಗಳಿಗೆ ತಾಗಿಸಿದರು. ಔಷಧ ಒಳಗೆ ಹೋಗದಿದ್ದರೂ ಕೋಶಗಳು ಸತ್ತವು. ಡಿಎನ್‌ಎಯೇ ಗುರಿ ಎಂದು ಎಲ್ಲರೂ ನಂಬಿದ್ದ ಔಷಧವು ಪೊರೆಯನ್ನು ಮುಟ್ಟಿಯೇ ಕೊಲ್ಲಬಲ್ಲದು ಎಂಬುದು ದೊಡ್ಡ ಮಾತಾಗಿತ್ತು. ದೇಹದೊಳಗೆ ಇದರ ಪಾಲು ಎಷ್ಟೆಂಬುದು ಬೇರೆ ಪ್ರಶ್ನೆ, ಮುಖ್ಯ ಪೆಟ್ಟು ಡಿಎನ್‌ಎಗೇ ಎಂಬುದರಲ್ಲಿ ನನಗೂ ಸಂದೇಹವಿಲ್ಲ. ಆದರೆ ಈ ಅಣುವಿಗೆ ಋಣವಿದ್ಯುದಂಶವುಳ್ಳ ಲಿಪಿಡುಗಳ ಮೇಲೆ ಒಲವಿದೆ, ಅದರಲ್ಲೂ ಮೈಟೊಕಾಂಡ್ರಿಯದ ಒಳಪೊರೆಯ ಕಾರ್ಡಿಯೊಲಿಪಿನ್ನಿಗೆ ಅದು ಬಲವಾಗಿ ಅಂಟಿಕೊಳ್ಳುತ್ತದೆ; ಮೈಟೊಕಾಂಡ್ರಿಯಗಳು ಕಿಕ್ಕಿರಿದಿರುವ ಹೃದಯದ ಸ್ನಾಯುವಿಗೆ ಈ ಔಷಧ ಹಾನಿ ಮಾಡುವುದಕ್ಕೆ ಹೇಳುವ ಕಾರಣಗಳಲ್ಲಿ ಇದೂ ಒಂದು. ವೈದ್ಯರು ಬಾಳಿನುದ್ದಕ್ಕೆ ಕೊಡುವ ಒಟ್ಟು ಪ್ರಮಾಣವನ್ನು ಲೆಕ್ಕವಿಟ್ಟು ಮಿತಿಯೊಳಗೆ ಇರಿಸುವುದೂ, ದೊಡ್ಡಮ್ಮನಿಗೆ ಪ್ರತಿ ಹಂತದಲ್ಲೂ ಎಕೋ ಪರೀಕ್ಷೆ ಮಾಡಿಸಿದ್ದೂ ಈ ಹಾನಿಯ ಭಯದಿಂದಲೇ.

ಸಿಸ್‌ಪ್ಲಾಟಿನ್ ಎಂಬ ಇನ್ನೊಂದು ಕೀಮೋ ಔಷಧವೂ ಡಿಎನ್‌ಎಗೆ ಅಂಟುವಂಥದ್ದೆಂದೇ ಹೆಸರಾದದ್ದು. ಕರುಳಿನ ಕ್ಯಾನ್ಸರ್ ಕೋಶಗಳಲ್ಲಿ ಅದು ಬಹಳ ಬೇಗ ಪೊರೆಯನ್ನು ಹೆಚ್ಚು ಹರಿವುಳ್ಳದ್ದಾಗಿ ಮಾಡುತ್ತದೆ, ಸಾವಿನ ಸೂಚನೆ ಪಡೆಯುವ ಫ್ಯಾಸ್ ಎಂಬ ಗ್ರಾಹಕಗಳು ಪೊರೆಯ ಕೊಲೆಸ್ಟರಾಲ್ ಹೆಚ್ಚಿರುವ ತುಣುಕುಗಳಲ್ಲಿ ಗುಂಪುಗೂಡುವಂತೆ ಮಾಡುತ್ತದೆ ಎಂಬುದನ್ನು ಫ್ರಾನ್ಸಿನ ಸಂಶೋಧಕರು 2004ರಲ್ಲಿ ತೋರಿಸಿದರು. ಪೊರೆಯನ್ನೇ ಗುರಿಯಾಗಿಸಿಕೊಂಡ ಔಷಧಗಳೂ ಇವೆ. ಮಿಲ್ಟೆಫೋಸಿನ್ ಅಂಥದ್ದೊಂದು, ಅದು ಲಿಪಿಡ್ಡಿನ ಹಾಗೆಯೇ ಇರುವ ಅಣು, ಡಿಎನ್‌ಎಯ ತಂಟೆಗೇ ಹೋಗುವುದಿಲ್ಲ. ಕ್ಯಾನ್ಸರಿಗೆಂದು ಹುಟ್ಟಿದ ಅದು ನಮ್ಮ ದೇಶದಲ್ಲಿ 2002ರಿಂದ ಕಾಲಾ ಅಜಾರ್ ರೋಗಕ್ಕೆ ಬಾಯಿಯಿಂದ ನುಂಗುವ ಮೊದಲ ಔಷಧವಾಗಿ ಬಳಕೆಗೆ ಬಂತು.

ಪೊರೆಯ ಹರಿವನ್ನು ಬೆಳಕಿನಿಂದ ಅಳೆಯಲು ಲಾರ್ಡಾನ್ ಎಂಬ ಬಣ್ಣವನ್ನು ಬಳಸುತ್ತೇವೆ. ಲಿಪಿಡುಗಳು ಒತ್ತೊತ್ತಾಗಿ ಕುಳಿತಿದ್ದರೆ ಅದು 440 ನ್ಯಾನೊಮೀಟರಿನ ಆಸುಪಾಸಿನ ನೀಲಿ ಬೆಳಕು ಬಿಡುತ್ತದೆ; ಸಡಿಲವಾಗಿ ಕುಳಿತು ನಡುವೆ ನೀರಿನ ಅಣುಗಳು ನುಸುಳುವಂತಿದ್ದರೆ ಬೆಳಕು 490ರ ಹಸಿರಿನತ್ತ ಸರಿಯುತ್ತದೆ. ಎರಡರ ವ್ಯತ್ಯಾಸವನ್ನು ಎರಡರ ಮೊತ್ತದಿಂದ ಭಾಗಿಸಿದರೆ ಪ್ರತಿ ಬಿಂದುವಿಗೂ ಒಂದು ಅಂಕಿ ಸಿಗುತ್ತದೆ. ಪೊರೆಯ ಬಿಗಿತದ ಭೂಪಟ ಎಂದು ನಾವು ಅದನ್ನು ಕರೆಯುತ್ತೇವೆ. 200 ನ್ಯಾನೊಮೀಟರಿಗಿಂತ ಚಿಕ್ಕ ಗುಂಪುಗಳು ಈ ಭೂಪಟದಲ್ಲೂ ಸರಾಸರಿಯಾಗಿ ಕರಗಿಹೋಗುತ್ತವೆ. ಅಲ್ಲಿಗೆ ತಲುಪುವ ದಾರಿ ತೋರಿಸಿದವರಲ್ಲಿ ನಮ್ಮ ಬೆಂಗಳೂರಿನವರೂ ಇದ್ದಾರೆಂಬುದು ನನಗೆ ಹೆಮ್ಮೆ. ಜಿಕೆವಿಕೆ ಆವರಣದಲ್ಲಿರುವ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರ, ಎಂದರೆ ಎನ್‌ಸಿಬಿಎಸ್‌ನ ಸತ್ಯಜಿತ್ ಮೇಯರ್ ಮತ್ತವರ ವಿದ್ಯಾರ್ಥಿಗಳು 1998ರಿಂದಲೂ, ಹತ್ತಿರ ಬಂದ ಎರಡು ಬಣ್ಣದ ಅಣುಗಳು ಶಕ್ತಿಯನ್ನು ಹಂಚಿಕೊಳ್ಳುವ ಗುಣವನ್ನೇ ಅಳತೆಗೋಲಾಗಿಸಿ, ಪೊರೆಯ ಕೆಲವು ಪ್ರೊಟೀನುಗಳು ಕೆಲವೇ ಅಣುಗಳ ಪುಟ್ಟ ಗುಂಪುಗಳಾಗಿ ಕೂಡುತ್ತವೆಂದು ತೋರಿಸಿದರು. ಭೌತವಿಜ್ಞಾನಿ ಮದನ್ ರಾವ್ ಅವರೊಡನೆ ಮುಂದುವರಿದ ಆ ಕೆಲಸ, ಹೊರಸಾಲಿನ ಈ ಗುಂಪುಗಳು ಒಳಸಾಲಿನ ಫಾಸ್ಫಟೈಡಿಲ್‌ಸೆರೀನಿನ ಮೂಲಕ ಕೆಳಗಿನ ಆಕ್ಟಿನ್ ಬಲೆಗೆ ಹೊಂದಿಕೊಂಡಿವೆ ಎಂಬಲ್ಲಿಗೆ ಬಂತು. ಎಂದಮೇಲೆ ಕೀಮೋ ಆ ಲಿಪಿಡನ್ನು ಹೊರಸಾಲಿಗೆ ತಂದಾಗ ಈ ಗುಂಪುಗಳ ಗತಿಯೇನು ಎಂಬ ಪ್ರಶ್ನೆ ತಾನಾಗಿ ಏಳುತ್ತದೆ. ನನ್ನ ಪ್ರಬಂಧದ ಒಂದು ಅಧ್ಯಾಯ ಅದೇ.

ಬೆಳಕಲ್ಲದೆ ಮುಟ್ಟಿ ನೋಡುವ ಸೂಕ್ಷ್ಮದರ್ಶಕವೂ ಇದೆ. 1986ರಲ್ಲಿ ಬಂದ ಪರಮಾಣು ಬಲ ಸೂಕ್ಷ್ಮದರ್ಶಕದ ಮೊನೆ ಕೋಶವನ್ನು ಮೆಲ್ಲಗೆ ಒತ್ತಿ ಅದರ ಗಡಸುತನವನ್ನು ಅಳೆಯುತ್ತದೆ. ಕ್ಯಾನ್ಸರ್ ಕೋಶಗಳು ಆರೋಗ್ಯವಂತ ಕೋಶಗಳಿಗಿಂತ ಮೆತ್ತಗಿರುವುದನ್ನೂ, ಕೀಮೋ ಔಷಧ ತಗುಲಿ ಸಾಯುವ ರಕ್ತಕ್ಯಾನ್ಸರಿನ ಕೋಶಗಳು ಹತ್ತಾರು ಪಟ್ಟು ಗಡಸಾಗುವುದನ್ನೂ 2007ರಲ್ಲಿ ಎರಡು ಬೇರೆಬೇರೆ ತಂಡಗಳು ಪ್ರಕಟಿಸಿದವು. ಗಡಸಾದ ಕೋಶ ಸಣ್ಣ ರಕ್ತನಾಳಗಳಲ್ಲಿ ಸಿಕ್ಕಿಕೊಳ್ಳಬಹುದು ಎಂಬುದು ಅಲ್ಲಿನ ಆತಂಕ. ಈ ಉಪಕರಣ ನನ್ನ ಕೈಗೆ ಅಷ್ಟಾಗಿ ಪಳಗಿಲ್ಲದ ಕಾರಣ ಇಷ್ಟಕ್ಕೇ ನಿಲ್ಲಿಸುತ್ತೇನೆ.

ಪೊರೆ ಕೊನೆಗೆ ಹರಿದುಹೋಗುವುದು ಹೇಗೆ ಎಂಬ ವಿಷಯದಲ್ಲಿ ಕಳೆದ ಕೆಲವು ವರ್ಷಗಳಲ್ಲಿ ಬಂದ ತಿಳಿವಳಿಕೆ, ನನ್ನ ಮಟ್ಟಿಗೆ, ರೋಗಿಗಳಿಗೆ ಅತಿ ಹತ್ತಿರದ್ದು. ಕೀಮೋ ಕೊಟ್ಟಾಗ ಕೋಶಗಳು ಅಚ್ಚುಕಟ್ಟಾಗಿ ಸಾಯುತ್ತವೆ ಎಂದೇ ಹೇಳುತ್ತಿದ್ದರು. 2017ರಲ್ಲಿ ಚೀನಾದ ಫೆಂಗ್ ಶಾವೊ ಅವರ ತಂಡವು, ಗ್ಯಾಸ್‌ಡರ್ಮಿನ್ ಇ ಎಂಬ ಪ್ರೊಟೀನು ಇರುವ ಕೋಶಗಳಲ್ಲಿ ಅದೇ ಕ್ಯಾಸ್ಪೇಸ್-3 ಆ ಪ್ರೊಟೀನನ್ನು ತುಂಡರಿಸುತ್ತದೆ, ಆ ತುಂಡುಗಳು ಪೊರೆಯಲ್ಲಿ ರಂಧ್ರಗಳನ್ನು ಕೊರೆಯುತ್ತವೆ ಎಂದು ತೋರಿಸಿತು. ಅಂಥ ಕೋಶದ ಮೇಲೆ ಗಂಜಿಯ ಸಣ್ಣ ಗುಳ್ಳೆಗಳು ಕಾಣುವುದಿಲ್ಲ, ಎಣ್ಣೆಗೆ ಬಿಟ್ಟ ಪೂರಿಯಂತೆ ಒಂದೇ ದೊಡ್ಡ ಉಬ್ಬು ಏಳುತ್ತದೆ, ಸ್ವಲ್ಪ ಹೊತ್ತಿನಲ್ಲೇ ಹರಿದು ಒಳಗಿನದೆಲ್ಲ ಸುತ್ತ ಚೆಲ್ಲಿ ಉರಿಯೂತವನ್ನು ಕರೆಯುತ್ತದೆ. ಬಹಳಷ್ಟು ಕ್ಯಾನ್ಸರ್ ಕೋಶಗಳು ಈ ಪ್ರೊಟೀನಿನ ಜೀನನ್ನು ಮುಚ್ಚಿಟ್ಟಿರುತ್ತವೆ, ಆದರೆ ಅನೇಕ ಆರೋಗ್ಯವಂತ ಅಂಗಾಂಶಗಳಲ್ಲಿ ಅದು ತೆರೆದೇ ಇರುತ್ತದೆ. ಆ ಜೀನ್ ಇಲ್ಲದ ಇಲಿಗಳಿಗೆ ಕೀಮೋ ಔಷಧಗಳಿಂದಾದ ಅಂಗಾಂಶ ಹಾನಿ ಕಡಿಮೆಯಾಗಿತ್ತು. ಗಡ್ಡೆಯ ಕೋಶ ಸದ್ದಿಲ್ಲದೆ ಸಾಯುವಲ್ಲಿ ಕರುಳಿನ ಒಳ್ಳೆಯ ಕೋಶ ಸಿಡಿದು ಸಾಯುತ್ತದೆ ಎಂದಾದರೆ, ದೊಡ್ಡಮ್ಮ ಮೂರು ವಾರಕ್ಕೊಮ್ಮೆ ಅನುಭವಿಸಿದ ಸಂಕಟದ ಒಂದು ಪಾಲಿಗೆ ಪೊರೆಯಲ್ಲಿ ಬಿದ್ದ ಈ ರಂಧ್ರಗಳೂ ಕಾರಣವಾಗಿರಬಹುದು. 2021ರಲ್ಲಿ ನೊಬುಹಿಕೊ ಕಯಗಾಕಿ ಮತ್ತವರ ಸಂಗಡಿಗರು ಇನ್ನೂ ಮುಂದಕ್ಕೆ ಹೋಗಿ, ಪೊರೆ ಕೊನೆಗೆ ಹರಿದುಹೋಗುವುದು ಬರಿಯ ಒತ್ತಡಕ್ಕೆ ಅಲ್ಲ, ಅದಕ್ಕೂ ನಿಂಜ್ಯುರಿನ್-1 ಎಂಬ ಪ್ರೊಟೀನು ಬೇಕು ಎಂದು ತೋರಿಸಿದರು. ಸತ್ತ ಕೋಶದ ಪೊರೆ ಹರಿಯುವುದಕ್ಕೂ ಒಂದು ವ್ಯವಸ್ಥೆ ಇದೆ, ಇದ್ದಮೇಲೆ ಅದನ್ನು ತಡೆಯುವ ದಾರಿಯನ್ನೂ ಹುಡುಕಬಹುದು.

ಇನ್ನು ಸಾಯದ ಕೋಶಗಳ ವಿಷಯ. ಕೆಲವು ಕೋಶಗಳು ಔಷಧವನ್ನು ಒಳಗೆ ಉಳಿಯಗೊಡುವುದೇ ಇಲ್ಲ. 1976ರಲ್ಲಿ ಜೂಲಿಯಾನೊ ಮತ್ತು ಲಿಂಗ್ ಗುರುತಿಸಿದ ಪಿ-ಗ್ಲೈಕೊಪ್ರೊಟೀನ್ ಎಂಬ ಪಂಪು ಪೊರೆಯಲ್ಲೇ ಕುಳಿತು, ಒಳಗೆ ಬಂದ ಡಾಕ್ಸೊರುಬಿಸಿನ್ನನ್ನು ಹಿಡಿದು ಹೊರಗೆ ತಳ್ಳುತ್ತದೆ. ಪಕ್ಕದ ಕೋಶಗಳೆಲ್ಲ ಕೆಂಪಾಗಿರುವಾಗ ಒಂದೇ ಒಂದು ಕೋಶ ಕಪ್ಪಾಗಿ ಉಳಿದಿದ್ದರೆ ಮೊದಲು ಅನುಮಾನಿಸಬೇಕಾದದ್ದು ಇದನ್ನೇ. ನನ್ನ ನಿದ್ದೆ ಕೆಡಿಸಿರುವುದು ಇನ್ನೊಂದು ಬಗೆಯ ಕೋಶ. ಅದು ಔಷಧವನ್ನು ಕುಡಿದಿರುತ್ತದೆ, ದುಂಡಗಾಗಿರುತ್ತದೆ, ಬುಗುಟುಗಳೂ ಎದ್ದಿರುತ್ತವೆ, ಆದರೆ ಆ ಹಂತದಲ್ಲಿ ತೊಳೆದು ಹೊಸ ಪೋಷಕ ದ್ರವ ಹಾಕಿದರೆ ಬುಗುಟುಗಳು ಒಂದೊಂದಾಗಿ ಒಳಗೆ ಹೋಗಿ ಕೋಶ ಮತ್ತೆ ತಟ್ಟೆಗೆ ಅಂಟಿ ಚಪ್ಪಟೆಯಾಗುತ್ತದೆ. ಸಾವಿನ ಅಂಚಿನಿಂದ ಹೀಗೆ ಹಿಂದಿರುಗುವುದಕ್ಕೆ 2012ರಲ್ಲಿ ಹೊ ಲಾಮ್ ಟ್ಯಾಂಗ್, ಡೆನಿಸ್ ಮಾಂಟೆಲ್ ಮತ್ತವರ ಸಂಗಡಿಗರು ಅನಸ್ಟಾಸಿಸ್ ಎಂದು ಹೆಸರಿಟ್ಟರು. ಮತ್ತೆ ಏಳುವುದು ಎಂದು ಅದರ ಅರ್ಥ. ಅವರ ಪ್ರಯೋಗಗಳಲ್ಲಿ ಕ್ಯಾಸ್ಪೇಸ್-3 ಎಚ್ಚೆತ್ತ ಮೇಲೂ ಕೋಶಗಳು ಚೇತರಿಸಿಕೊಂಡವು, ಕೆಲವು ಹೊಸ ತಳಿಬದಲಾವಣೆಗಳನ್ನೂ ಹೊತ್ತುಕೊಂಡವು. ಕೀಮೋವನ್ನು ನಡುನಡುವೆ ಬಿಡುವು ಕೊಟ್ಟು, ಬಹಳ ಸಲ 21 ದಿನಗಳಿಗೊಮ್ಮೆ ಕೊಡುತ್ತಾರೆ. ರಕ್ತದಲ್ಲಿ ಔಷಧ ಕಡಿಮೆಯಾಗುತ್ತಾ ಹೋಗುವುದು ಒಂದು ಬಗೆಯಲ್ಲಿ ತೊಳೆದಂತೆಯೇ. ಆ ಬಿಡುವು ಒಳ್ಳೆಯ ಕೋಶಗಳು ಚೇತರಿಸಿಕೊಳ್ಳಲು ಬೇಕೇ ಬೇಕು. ಕೆಟ್ಟ ಕೋಶಗಳಲ್ಲಿ ಎಷ್ಟು ಅದೇ ಬಿಡುವಿನಲ್ಲಿ ಎದ್ದು ಕೂರುತ್ತವೆ?

ಒಮ್ಮೆ ಹೊರಸಾಲಿಗೆ ಬಂದ ಫಾಸ್ಫಟೈಡಿಲ್‌ಸೆರೀನ್ ಚೇತರಿಸಿಕೊಳ್ಳುವ ಕೋಶದಲ್ಲಿ ಮತ್ತೆ ಒಳಸಾಲಿಗೆ ಹೋಗುತ್ತದೆ. ಹಾಗೆ ಹೋಗುವ ಕೋಶಕ್ಕೂ, ಹೋಗಲಾರದೆ ಸಾಯುವ ಪಕ್ಕದ ಕೋಶಕ್ಕೂ, ಬುಗುಟು ಏಳುವ ಹಂತದಲ್ಲೇ ಪೊರೆಯ ಬಿಗಿತದಲ್ಲಿ ವ್ಯತ್ಯಾಸವಿರುತ್ತದೆಯೇ ಎಂಬುದನ್ನು ಈಗ ನೋಡುತ್ತಿದ್ದೇವೆ. ಇರುವುದಾದರೆ, ತೊಳೆಯುವ ಮೊದಲೇ ಯಾವುದು ಮರಳುತ್ತದೆ ಎಂದು ಹೇಳಬಹುದು. ಗುರುವಾರ ರಾತ್ರಿ ಸೂಕ್ಷ್ಮದರ್ಶಕ ನಮ್ಮ ಪಾಲಿಗಿದೆ. ನಾಲ್ಕು ತಟ್ಟೆಗಳು ಇನ್‌ಕ್ಯುಬೇಟರಿನಲ್ಲಿ ಬೆಳೆಯುತ್ತಿವೆ: ಏನೂ ಹಾಕದ್ದೊಂದು, ಬಣ್ಣಗಳನ್ನು ಮಾತ್ರ ಹಾಕುವುದೊಂದು, ಔಷಧ ಮತ್ತು ಬಣ್ಣ ಎರಡನ್ನೂ ಹಾಕುವುದೊಂದು. ನಾಲ್ಕನೆಯದರ ಮುಚ್ಚಳದ ಮೇಲೆ ಔಷಧ ಮಾತ್ರ ಎಂದು ದಪ್ಪ ಅಕ್ಷರಗಳಲ್ಲಿ ಬರೆದಿಟ್ಟಿದ್ದೇನೆ.